ಕೇಡನ್ನು ಯಾರ ಲೆಕ್ಕಕ್ಕೆ ಬರೆಯುವುದು?

ಕೊಳ್ಳೇಗಾಲಕ್ಕೆ ಹೊರಟಿದ್ದೇನೆ ಎಂದರೆ ಮೈಸೂರಿನ ಹಾಸ್ಟೆಲಿನಲ್ಲಿ ಯಾರಾದರೊಬ್ಬರು 'ಯಾರಿಗೆ ಮಾಟ ಮಾಡಿಸೋಕೆ?' ಎಂದು ಕೇಳದೆ ಬಿಡುವುದಿಲ್ಲ. ಸಿನಿಮಾದವರು, ಟೀವಿಯವರು, ಬಸ್ಸಿನ ಸೀಟಿನ ಹಿಂದೆ ಚೀಟಿ ಅಂಟಿಸುವ ಜ್ಯೋತಿಷಿಗಳು ಎಲ್ಲರೂ ಸೇರಿ ಈ ಊರಿಗೆ ಕಟ್ಟಿಕೊಟ್ಟ ಹೆಸರು ಅದು. ಊರು ಹೆಸರು ಮಾಡಬೇಕಾದದ್ದು ತನ್ನ ರೇಷ್ಮೆ ಸೀರೆಯಿಂದ. ಕೊಳ್ಳೇಗಾಲದ ಮಂತ್ರವಾದಿ ಎಂದು ಬೋರ್ಡು ಹಾಕಿಕೊಂಡವರು ಕೊಳ್ಳೇಗಾಲಕ್ಕಿಂತ ಬೆಂಗಳೂರಿನಲ್ಲೇ ಹೆಚ್ಚು ಇರಬಹುದೆಂದು ನನ್ನ ಅನುಮಾನ. ಜಿಲ್ಲಾಕೇಂದ್ರದ್ದು ಇನ್ನೊಂದು ಕಥೆ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂದು ಹೆದರಿ ಹಲವರು ಆ ಕಡೆ ತಲೆಯನ್ನೇ ಹಾಕಲಿಲ್ಲ. 2013ರ ನಂತರ ಸಿದ್ದರಾಮಯ್ಯ ಮತ್ತೆ ಮತ್ತೆ ಬಂದು ಹೋಗಿ, ಐದು ವರ್ಷ ಪೂರೈಸಿಯೂ ತೋರಿಸಿದರು. ನಗುವ ವಿಷಯವೇ. ಆದರೆ ಹಳ್ಳಿಯೊಂದರ ಜಗಲಿಯ ಮೇಲೆ ಕೂತು 'ಯಾರೋ ಮಾಡ್ಸವ್ರೆ' ಎಂಬ ಮಾತನ್ನು ಕೇಳಿದಾಗ ನಗು ಬರುವುದಿಲ್ಲ.

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಕ್ರೈಸ್ತರು ಕೇಡಿನ ಬಗ್ಗೆ ಹೇಗೆ ಮಾತಾಡುತ್ತಾರೆ ಎಂಬುದು ನನ್ನ ಪಿಎಚ್.ಡಿ. ವಿಷಯ. ನಾನು ಕ್ರೈಸ್ತನಲ್ಲ. ಯಳಂದೂರು ಕಡೆಯವನು, ನಮ್ಮ ಮನೆಯ ಬಾಗಿಲಿಗೂ ಅಮಾವಾಸ್ಯೆಯ ದಿನ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುತ್ತಾರೆ. ಸೈತಾನ ಇದ್ದಾನೋ ಇಲ್ಲವೋ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ನನ್ನನ್ನು ಹಿಡಿದಿಟ್ಟಿರುವುದು ಬೇರೆ ಪ್ರಶ್ನೆ: ಮನೆಯೊಂದಕ್ಕೆ ಕೇಡಾದಾಗ ಅದನ್ನು ಯಾರ ಲೆಕ್ಕಕ್ಕೆ ಬರೆಯುತ್ತಾರೆ, ಹಾಗೆ ಬರೆದದ್ದರಿಂದ ಬದುಕಿರುವ ಯಾರಿಗೆ ಏನಾಗುತ್ತದೆ?

ಮಾಟಕ್ಕೆ ಒಂದು ವ್ಯಾಕರಣವಿದೆ. ಅದಕ್ಕೆ ಕರ್ತೃ ಬೇಕೇ ಬೇಕು. ಹಸು ಸತ್ತಿತು, ಬೋರ್‌ವೆಲ್ ಬತ್ತಿತು, ಮಗುವಿಗೆ ಮೂರ್ಛೆ ಬಂತು. ಇವು ತಾನೇ ತಾನಾಗಿ ಆದವಲ್ಲ, ಯಾರೋ ಮಾಡಿಸಿದ್ದು. ಆ 'ಯಾರೋ' ದೂರದವರಾಗಿರುವುದೂ ಇಲ್ಲ. ವಾರಗಿತ್ತಿ, ದಾಯಾದಿ, ಬೇಲಿಯಾಚೆಯ ಮನೆಯ ವಿಧವೆ. ಮಂತ್ರವಾದಿಗಳು ಹೆಸರು ಹೇಳುವುದು ಕಡಿಮೆ. 'ನಿಮ್ಮ ಮನೆಗೆ ತೆಂಕಲಲ್ಲಿರೋರು, ಹೆಂಗಸು, ನಿಮ್ಮ ಕೈಲಿ ಉಂಡೋರು' ಎಂದು ಬಿಟ್ಟುಬಿಡುತ್ತಾರೆ. ಉಳಿದದ್ದನ್ನು ಕೇಳಿದವರೇ ತುಂಬಿಕೊಳ್ಳುತ್ತಾರೆ. ಆ ಮೇಲೆ ಆ ಮನೆಯಿಂದ ಬಂದ ಮಜ್ಜಿಗೆಯನ್ನು ಯಾರೂ ಕುಡಿಯುವುದಿಲ್ಲ, ಆ ಹೆಂಗಸು ಎದುರಿಗೆ ಬಂದರೆ ಮಕ್ಕಳನ್ನು ಒಳಕ್ಕೆ ಕರೆದುಕೊಳ್ಳುತ್ತಾರೆ. ಮಾಟ ನಿಜವೋ ಸುಳ್ಳೋ, ಆ ಹೆಂಗಸಿಗೆ ಆದದ್ದು ಮಾತ್ರ ನಿಜ.

ಇದೇ ನೆಲದಲ್ಲಿ ಹನೂರು ತಾಲ್ಲೂಕಿನ ಮಾರ್ಟಳ್ಳಿ, ಸಂದನಪಾಳ್ಯದಂಥ ಊರುಗಳಿವೆ. ಕೊಳ್ಳೇಗಾಲ ಸೀಮೆ 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆ ಊರುಗಳ ಕ್ಯಾಥೊಲಿಕ್ ಮನೆಗಳಲ್ಲಿ ಇವತ್ತಿಗೂ ತಮಿಳೇ ಮನೆಮಾತು, ಮಕ್ಕಳು ಶಾಲೆಯಲ್ಲಿ ಕಲಿಯುವುದು ಕನ್ನಡ. ಅಲ್ಲಿ ಓಡಾಡುವಾಗ ನನಗೆ ಮೊದಲು ತೊಡಕಾದದ್ದು ಪದಗಳೇ. ನಾವು ಇಂಗ್ಲಿಷಿನ ಡೆವಿಲ್ ಎಂಬುದಕ್ಕೆ ಸಲೀಸಾಗಿ 'ದೆವ್ವ' ಎನ್ನುತ್ತೇವೆ. ಆದರೆ ನಮ್ಮ ದೆವ್ವಕ್ಕೆ ಹೆಸರಿದೆ, ಮನೆಯಿದೆ, ಜಾತಿಯಿದೆ, ತೀರದ ಆಸೆಯಿದೆ; ಅದು ಬಾವಿಗೆ ಬಿದ್ದು ಸತ್ತ ಯಾರದೋ ಅತ್ತಿಗೆ. ಸಭೆಯ ಬೋಧನೆಯಲ್ಲಿ ಸೈತಾನ ಸತ್ತ ಮನುಷ್ಯನೇ ಅಲ್ಲ. ದೇವರೇ ಸೃಷ್ಟಿಸಿದ, ತನ್ನ ಇಚ್ಛೆಯಿಂದಲೇ ದೇವರಿಗೆ ತಿರುಗಿಬಿದ್ದ ಆತ್ಮ ಅವನು. ಸತ್ತವರು ದೆವ್ವವಾಗಿ ಬಂದು ಹಿಡಿಯುತ್ತಾರೆ ಎಂಬುದನ್ನು ಸಭೆ ಒಪ್ಪುವುದಿಲ್ಲ. ಸತ್ತವರಿಗಾಗಿ ಪ್ರಾರ್ಥಿಸುತ್ತಾರೆ, ಅವರನ್ನು ಯಾರ ಮೈಯಿಂದಲೂ ಓಡಿಸುವುದಿಲ್ಲ. ಮಲೆ ಮಾದಪ್ಪನ ಕಥೆಯಲ್ಲಿ ಬರುವ, ದೇವತೆಗಳನ್ನೇ ಜೀತಕ್ಕಿಟ್ಟುಕೊಂಡ ಶ್ರವಣನಂತೆಯೂ ಅಲ್ಲ ಈ ಸೈತಾನ. ಶ್ರವಣನಿಗೆ ಮೈಯಿತ್ತು, ಆದ್ದರಿಂದ ಅವನನ್ನು ಕೊಲ್ಲಬಹುದಿತ್ತು.

ಈ ಮೈಯಿಲ್ಲದಿರುವಿಕೆ ಸಣ್ಣ ಸಂಗತಿಯಲ್ಲ. ಪೌಲನ ಹೆಸರಿನಲ್ಲಿರುವ ಎಫೆಸದವರಿಗೆ ಬರೆದ ಪತ್ರದ ಆರನೆಯ ಅಧ್ಯಾಯದಲ್ಲಿ ವಿಶ್ವಾಸಿಗಳ ಹೋರಾಟ ರಕ್ತಮಾಂಸವಿರುವ ಮನುಷ್ಯರ ಮೇಲಲ್ಲ, ಕಾಣದ ಕೇಡಿನ ಶಕ್ತಿಗಳ ಮೇಲೆ ಎಂಬ ಮಾತು ಬರುತ್ತದೆ. ಅದರ ಹಿಂದೆಯೇ ಯೋಧನ ಕವಚದ ವರ್ಣನೆ: ಸತ್ಯದ ನಡುಕಟ್ಟು, ನೀತಿಯ ಎದೆಕವಚ, ಸಮಾಧಾನದ ಕೆರ, ನಂಬಿಕೆಯ ಗುರಾಣಿ, ರಕ್ಷಣೆಯ ಶಿರಸ್ತ್ರಾಣ, ದೇವರ ವಾಕ್ಯವೆಂಬ ಕತ್ತಿ. ಪ್ರವಚನಗಳಲ್ಲಿ ಈ ಕವಚವನ್ನೇ ಬಹಳ ಬಿಡಿಸಿ ಹೇಳುತ್ತಾರೆ. ಅದಕ್ಕಿಂತ ಮುಖ್ಯವಾದದ್ದು ಅದರ ಮೊದಲಿನ ವಾಕ್ಯ ಎಂದು ನನಗನ್ನಿಸುತ್ತದೆ. ಮಾಟದ ವ್ಯಾಕರಣವನ್ನು ಅದು ತಲೆಕೆಳಗು ಮಾಡುತ್ತದೆ. ಕೇಡಿಗೆ ಕರ್ತೃ ಇದ್ದಾನೆ ಎಂದು ಒಪ್ಪುತ್ತಲೇ, ಆ ಕರ್ತೃ ನಿನ್ನ ವಾರಗಿತ್ತಿಯಲ್ಲ ಎನ್ನುತ್ತದೆ. ಆ ಆಯುಧಗಳ ಪಟ್ಟಿಯನ್ನು ಎಷ್ಟು ಸಲ ಓದಿದರೂ ಪಕ್ಕದ ಮನೆಯವರ ಮೇಲೆ ಎತ್ತಬಹುದಾದದ್ದು ಒಂದೂ ಸಿಗುವುದಿಲ್ಲ.

ಇದು ಪುಸ್ತಕದ ಮಾತಾಗಿ ಉಳಿಯದೆ ನಡೆದದ್ದನ್ನು ನೋಡಿದ್ದೇನೆ. ಹನೂರು ಕಡೆಯ ಒಂದು ಮನೆ. ಊರು, ಹೆಸರು ಬೇಡ. ಆರು ವರ್ಷದ ಹುಡುಗನಿಗೆ ಮೂರ್ಛೆ. ತಾಯಿ ಮೂರು ಕಡೆ ಅಲೆದಿದ್ದರು. ಮಂತ್ರವಾದಿ 'ನಿಮ್ಮ ಕೈಲಿ ಉಂಡೋರು' ಎಂದಿದ್ದ. ಅಷ್ಟು ಸಾಕಾಗಿತ್ತು, ವಾರಗಿತ್ತಿಯ ಮನೆಗೂ ಇವರ ಮನೆಗೂ ಮಾತು ನಿಂತಿತ್ತು. ಊರಿನ ಉಪದೇಶಿ, ವಯಸ್ಸಾದವರು, ಎರಡು ಮಾತು ಹೇಳಿದರಂತೆ. ಮೊದಲನೆಯದು, ಮಗುವನ್ನು ನರರೋಗದ ಡಾಕ್ಟರಿಗೆ ತೋರಿಸು, ಮಾತ್ರೆ ತಪ್ಪಿಸಬೇಡ. ಎರಡನೆಯದು, ರಾತ್ರಿ ಜಪಮಾಲೆ ಹೇಳುವಾಗ ಒಂದು ತಿಂಗಳು ನಿನ್ನ ವಾರಗಿತ್ತಿಗೋಸ್ಕರ ಹೆಸರು ಹಿಡಿದು ಪ್ರಾರ್ಥಿಸು. 'ಅವ್ಳು ಒಳ್ಳೇವ್ಳಾಗ್ಲಿ ಅಂತಲ್ಲ ಕಣವ್ವ, ಅವ್ಳಿಗೆ ಒಳ್ಳೇದಾಗ್ಲಿ ಅಂತ' ಎಂದು ಒತ್ತಿ ಹೇಳಿದರಂತೆ. ಆ ಎರಡರ ನಡುವಿನ ವ್ಯತ್ಯಾಸವನ್ನು ನಮ್ಮ ವಿಭಾಗದ ಯಾವ ಸೆಮಿನಾರಿನಲ್ಲೂ ಇಷ್ಟು ಚೊಕ್ಕವಾಗಿ ಕೇಳಿಲ್ಲ. ಆ ತಾಯಿ ಹಲ್ಲು ಕಚ್ಚಿಕೊಂಡೇ ಪ್ರಾರ್ಥಿಸಿದೆ ಎಂದರು. ಇಬ್ಬರೂ ಈಗ ಅನ್ಯೋನ್ಯವಾಗಿದ್ದಾರೆ ಎಂದೇನಲ್ಲ. ಹಬ್ಬಕ್ಕೆ ಮಾಡಿದ ಕಜ್ಜಾಯ ಆ ಮನೆಯಿಂದ ಈ ಮನೆಗೆ ಬರುತ್ತದೆ, ಹುಡುಗ ತಿನ್ನುತ್ತಾನೆ, ಅಷ್ಟೆ.

ಉಪದೇಶಿ ಹೇಳಿದ ಎರಡು ಮಾತೂ ಸಭೆಯ ಹಳೆಯ ರೂಢಿಗೆ ಸೇರಿದವು. 1614ರಲ್ಲಿ ರೋಮಿನಿಂದ ಪ್ರಕಟವಾದ ವಿಧಿಗ್ರಂಥವೇ, ಯಾರಿಗೋ ದುರಾತ್ಮ ಹಿಡಿದಿದೆ ಎಂದು ಸುಲಭಕ್ಕೆ ನಂಬಬೇಡಿ ಎಂದು ಪಾದ್ರಿಗಳನ್ನು ಎಚ್ಚರಿಸಿತ್ತು. 1983ರ ಸಭಾ ಕಾನೂನಿನ ಪ್ರಕಾರ ಧರ್ಮಾಧ್ಯಕ್ಷರ ಸ್ಪಷ್ಟ ಅನುಮತಿಯಿಲ್ಲದೆ ಯಾವ ಪಾದ್ರಿಯೂ ಹಿಡಿದವರನ್ನು ಬಿಡಿಸುವ ವಿಧಿ ನಡೆಸುವಂತಿಲ್ಲ. 1999ರ ಪರಿಷ್ಕೃತ ವಿಧಿ ಮೊದಲು ಕಾಯಿಲೆಯೋ ಎಂದು ನೋಡಿ ಎನ್ನುತ್ತದೆ. ಸಿನಿಮಾದಲ್ಲಿ ಕಾಣುವ ಅಬ್ಬರಕ್ಕೂ ಇದಕ್ಕೂ ಸಂಬಂಧವಿಲ್ಲ. ದಿನನಿತ್ಯದ ಪ್ರತಿರೋಧ ಇನ್ನೂ ಸಪ್ಪೆ: ಗರಿಗಳ ಭಾನುವಾರ ತಂದ ಗರಿಯ ಶಿಲುಬೆಯನ್ನು ಬಾಗಿಲಿಗೆ ಸಿಕ್ಕಿಸುವುದು, ಮಂತ್ರಿಸಿದ ನೀರು, ಉಪವಾಸ, ಪಾಪನಿವೇದನೆ.

ಪಾಪನಿವೇದನೆಯ ಬಗ್ಗೆ ಒಂದು ಮಾತು. ಹದಿನಾರನೆಯ ಶತಮಾನದ ಇಗ್ನೇಷಿಯಸ್ ಲೊಯೋಲಾ, ಕೇಡಿನ ಆತ್ಮವನ್ನು ಗುಟ್ಟು ಕೇಳುವ ಕಳ್ಳ ಪ್ರಣಯಿಗೆ ಹೋಲಿಸುತ್ತಾನೆ. ಹುಡುಗಿ ಅಪ್ಪನಿಗೆ ಹೇಳಿಬಿಟ್ಟರೆ ಅವನ ಆಟ ಮುಗಿಯಿತು. ನಾಲ್ಕನೆಯ ಶತಮಾನದಲ್ಲಿ ಅಥನೇಷಿಯಸ್ ಬರೆದ ಸಂತ ಅಂತೋಣಿಯ ಚರಿತ್ರೆಯಲ್ಲಿ, ಮರುಭೂಮಿಯ ಆ ಸನ್ಯಾಸಿ ತನ್ನ ಶಿಷ್ಯರಿಗೆ ಕೊಡುವ ಉಪಾಯವೂ ಇಂಥದ್ದೇ: ಏನಾದರೂ ಕಾಣಿಸಿಕೊಂಡರೆ ನೀನು ಯಾರು, ಎಲ್ಲಿಂದ ಬಂದೆ ಎಂದು ಧೈರ್ಯವಾಗಿ ಕೇಳಿ. ಮಾಟದ ಗುಮಾನಿ ಬದುಕುವುದೇ ಪಿಸುಮಾತಿನಲ್ಲಿ ಎನ್ನುವುದನ್ನು ನೆನೆದರೆ ಈ ಎರಡು ಹಳೆಯ ಸಲಹೆಗಳು ನಮ್ಮ ಜಗಲಿಗೇ ಬರೆದಂತಿವೆ. ಆರೋಪವನ್ನು ಯಾರೂ ಆ ಹೆಂಗಸಿನ ಮುಖಕ್ಕೆ ಹೇಳುವುದಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಇತಿಹಾಸಕ್ಕೆ ಮೋಸವಾಗುತ್ತದೆ. ಶತ್ರು ರಕ್ತಮಾಂಸದವನಲ್ಲ ಎಂಬ ಪತ್ರವನ್ನು ಓದುತ್ತಿದ್ದ ಯೂರೋಪೇ ಹದಿನೈದರಿಂದ ಹದಿನೆಂಟನೆಯ ಶತಮಾನದ ನಡುವೆ ಮಾಟಗಾತಿಯರೆಂದು ಸುಮಾರು 40,000ದಿಂದ 60,000 ಜನರನ್ನು ಕೊಂದಿತೆಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ. ಹೆಚ್ಚಿನವರು ಹೆಂಗಸರು. ಸೈತಾನನಿಗೆ ಮೈಯಿಲ್ಲ ಎಂದ ಬೋಧನೆಗೆ ಒಂದೇ ಒಂದು ವಾಕ್ಯ ಸೇರಿಸಿದ್ದು ಸಾಕಾಯಿತು: ಅವನು ಇವಳ ಜೊತೆ ಒಪ್ಪಂದ ಮಾಡಿಕೊಂಡಿದ್ದಾನೆ. ಅಷ್ಟಾದ ಮೇಲೆ ಹುಡುಕಬೇಕಾದದ್ದು ಅವನನ್ನಲ್ಲ, ಇವಳನ್ನು. ಅದೇ ಸಭೆಯ ಒಳಗಿನಿಂದ 1631ರಲ್ಲಿ ಫ್ರೀಡ್ರಿಕ್ ಷ್ಪೇ ಎಂಬ ಜರ್ಮನಿಯ ಜೆಸ್ವಿಟ್ ಪಾದ್ರಿಯ 'ಕಾಟಿಯೋ ಕ್ರಿಮಿನಾಲಿಸ್' ಎಂಬ ಪುಸ್ತಕ, ಬರೆದವರ ಹೆಸರಿಲ್ಲದೆ, ಹೊರಬಂತು. ಅವನ ವಾದ ಸರಳ. ಚಿತ್ರಹಿಂಸೆ ಕೊಟ್ಟರೆ ಯಾರೂ ಯಾರ ಹೆಸರನ್ನಾದರೂ ಹೇಳುತ್ತಾರೆ. ಮಾಟಗಾತಿಯರನ್ನು ಹುಟ್ಟಿಸುತ್ತಿರುವುದು ಹಿಂಸೆಯೇ.

ಷ್ಪೇಯ ಮಾತನ್ನು ಅರ್ಥಮಾಡಿಕೊಳ್ಳಲು ಮಲೆ ಮಹದೇಶ್ವರ ಬೆಟ್ಟದ ತಪ್ಪಲಿನವರಿಗೆ ಜರ್ಮನಿಗೆ ಹೋಗಬೇಕಾಗಿಲ್ಲ. ವೀರಪ್ಪನ್ ಕಾಲದಲ್ಲಿ ಈ ಹಳ್ಳಿಗಳವರನ್ನು ಕಾಡಿನವರು 'ಪೊಲೀಸಿನ ಕಡೆಯವನಾ?' ಎಂದು ಕೇಳುತ್ತಿದ್ದರು, ಕಾರ್ಯಪಡೆಯವರು 'ಅವನ ಕಡೆಯವನಾ?' ಎಂದು ಕೇಳುತ್ತಿದ್ದರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನೇಮಿಸಿದ ನ್ಯಾಯಮೂರ್ತಿ ಸದಾಶಿವ ಸಮಿತಿಯ ಮುಂದೆ ಬಂದ ದೂರುಗಳಲ್ಲಿ ಬೆಟ್ಟದ ಮೇಲಿನ 'ವರ್ಕ್‌ಶಾಪ್' ಎಂಬ ಜಾಗದ ಹೆಸರು ಬರುತ್ತದೆ. ಅಲ್ಲಿ ಏನು ರಿಪೇರಿ ಮಾಡುತ್ತಿದ್ದರು ಎಂದು ಹಿರಿಯರನ್ನು ಕೇಳಿದರೆ ಸುಮ್ಮನಾಗುತ್ತಾರೆ. ಆಯೋಗ 2007ರಲ್ಲಿ 89 ಮಂದಿಗೆ ಪರಿಹಾರ ಕೊಡಲು ಹೇಳಿತು. ವಾಲ್ಟರ್ ವಿಂಕ್ ಎಂಬ ಅಮೆರಿಕದ ದೇವತಾಶಾಸ್ತ್ರಜ್ಞ ಪೌಲನ 'ಶಕ್ತಿ'ಗಳನ್ನು ಆಕಾಶದಲ್ಲಿ ಹುಡುಕಬೇಡಿ, ಸಂಸ್ಥೆಗಳ, ಅಧಿಕಾರಗಳ ಒಳಗಿನ ಆತ್ಮವಾಗಿ ನೋಡಿ ಎಂದು 1980ರ ದಶಕದಲ್ಲಿ ಬರೆದ. ಗ್ರಂಥಾಲಯದಲ್ಲಿ ಓದಿದಾಗ ಜಾಣತನದ ಮಾತೆನಿಸಿತ್ತು. ಮಾರ್ಟಳ್ಳಿಯ ರಸ್ತೆಯಲ್ಲಿ ಅದು ಜಾಣತನವಾಗಿ ಉಳಿಯಲಿಲ್ಲ.

ಇನ್ನು ನಾಣ್ಯದ ಹಿಂಬದಿ. ಬೋಧನೆ ನೆರೆಯವಳನ್ನು ಬಿಡಿಸುತ್ತದೆ, ಸರಿ. ತಪ್ಪು ಮಾಡಿದವನನ್ನೂ ಬಿಡಿಸಿಬಿಟ್ಟರೆ?

ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹೋಗುವ ಒಬ್ಬಾಕೆಯನ್ನು ಬಲ್ಲೆ. ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಅಕ್ಕ ಎನ್ನುತ್ತೇನೆ. ಕುಡಿದು ಬಂದ ಗಂಡ ಒಂದು ರಾತ್ರಿ ಅವರ ಮುಂಗೈ ಮುರಿದ. ಆಮೇಲೆ ಒಂದು ಪ್ರಾರ್ಥನಾ ಕೂಟಕ್ಕೆ ಹೋಗಲು ಶುರುಮಾಡಿದ. ಅಲ್ಲಿ ಅವನ ತಲೆಯ ಮೇಲೆ ಕೈಯಿಟ್ಟು ಕುಡಿತದ ದುರಾತ್ಮವನ್ನು ಓಡಿಸಿದರು. ಅವನು ಎಲ್ಲರ ಮುಂದೆ ಎದ್ದು ನಿಂತು, ಸೈತಾನ ನನ್ನ ಕೈಯಿಂದ ಹೊಡೆಸಿದ, ಈಗ ಬಿಟ್ಟು ಹೋದ ಎಂದು ಸಾಕ್ಷಿ ಹೇಳಿದ. ಚಪ್ಪಾಳೆಯಾಯಿತು. ಕುಡಿತ ಬಿಟ್ಟದ್ದೂ ನಿಜ. ಅಕ್ಕ ನನ್ನನ್ನು ಕೇಳಿದರು: 'ಸೈತಾನ ಹೋಯ್ತಂತೆ. ಸರಿ ಕಣಪ್ಪ. ನನ್ ಕೈ ಮುರಿದೋನು ಎಲ್ಲಿಗೋದ ಹಂಗಾರೆ?'

ಈ ಪ್ರಶ್ನೆಗೆ ಬೈಬಲಿನಲ್ಲೇ ಉತ್ತರವಿದೆ, ಅದೂ ಆರಂಭದಲ್ಲೇ. ಆದಿಕಾಂಡದ ತೋಟದಲ್ಲಿ ದೇವರು ಕೇಳಿದಾಗ ಆದಾಮ ಹವ್ವಳತ್ತ ಬೆರಳು ತೋರಿಸುತ್ತಾನೆ, ಹವ್ವ ಸರ್ಪದತ್ತ. ಸರ್ಪಕ್ಕೆ ಶಿಕ್ಷೆಯಾಗುತ್ತದೆ, ಆದರೆ ಬೆರಳು ತೋರಿಸಿದ ಇಬ್ಬರಲ್ಲಿ ಒಬ್ಬರಿಗೂ ವಿನಾಯಿತಿ ಸಿಗುವುದಿಲ್ಲ. ಲೂಕನ ಸುವಾರ್ತೆಯ ಇಪ್ಪತ್ತೆರಡನೆಯ ಅಧ್ಯಾಯ ಇನ್ನೂ ಕಟು. ಸೈತಾನ ಯೂದನನ್ನು ಹೊಕ್ಕನು ಎಂದು ಅಧ್ಯಾಯದ ಮೊದಲಲ್ಲೇ ಹೇಳಿ, ಊಟದ ಹೊತ್ತಿಗೆ ಹಿಡಿದುಕೊಡುವ ಆ ಮನುಷ್ಯನ ಗತಿಗೆ ಯೇಸು ಮರುಗುತ್ತಾನೆ. ಹೊಕ್ಕವನು ಸೈತಾನ, ಹೊಣೆ ಯೂದನದು. ಬರೆದವನಿಗೆ ಈ ಎರಡು ಮಾತು ಒಂದಕ್ಕೊಂದು ತಾಗುತ್ತವೆ ಎನಿಸಿಯೇ ಇಲ್ಲ.

ತರ್ಕದಲ್ಲಿ ಇವು ತಾಗುತ್ತವೆ ಎಂದು ನನ್ನ ಗೆಳೆಯನೊಬ್ಬ, ತತ್ತ್ವಶಾಸ್ತ್ರ ವಿಭಾಗದವನು, ಹಟ ಹಿಡಿಯುತ್ತಾನೆ. ಕರ್ತೃ ಒಬ್ಬನೇ ಇರಬೇಕಂತೆ. ಅವನಿಗೆ ನಾನು ಹೇಳುವುದು, ಈ ಬೋಧನೆಯನ್ನು ಜಗತ್ತಿನ ವಿವರಣೆಯಾಗಿ ಓದಿದರೆ ನೀನು ಹೇಳುವುದು ಸರಿಯಿರಬಹುದು. ಆದರೆ ಇದನ್ನು ಯಾರು ಯಾರ ಬಗ್ಗೆ ಹೇಳಬಹುದು ಎಂಬ ಕಟ್ಟಳೆಯಾಗಿ ಓದು. ನನಗೆ ಕೇಡು ಮಾಡಿದವರ ಬಗ್ಗೆ ನಾನು 'ಅವರ ಹಿಂದೆ ಅವರಿಗಿಂತ ದೊಡ್ಡದೇನೋ ಇದೆ' ಎನ್ನಬಹುದು. ಶಿಲುಬೆಯ ಮೇಲಿಂದ ತನ್ನನ್ನು ಕೊಲ್ಲುವವರಿಗಾಗಿ ಯೇಸು ಬೇಡಿಕೊಂಡದ್ದು ಈ ಜಾಗದಲ್ಲಿ ನಿಂತೇ. ನಾನು ಮಾಡಿದ ಕೇಡಿನ ಬಗ್ಗೆ ಅದೇ ಮಾತನ್ನು ನಾನೇ ಆಡಿದರೆ ಅದು ಹವ್ವಳ ಬೆರಳು. ಅದಕ್ಕೇ ಬಲಿಪೂಜೆಯ ಆರಂಭದಲ್ಲಿ ಎಲ್ಲರೂ ತಮ್ಮ ತಮ್ಮ ಎದೆ ತಟ್ಟಿಕೊಳ್ಳುತ್ತಾರೆ. ಪಕ್ಕದವರ ಎದೆಯನ್ನಲ್ಲ, ಸೈತಾನನ ಎದೆಯನ್ನೂ ಅಲ್ಲ. ಆ ಕೂಟದಲ್ಲಿ ಎಡವಟ್ಟಾದದ್ದು ಇಲ್ಲಿ. ಅಕ್ಕ ಹೇಳಬಹುದಾಗಿದ್ದ, ಹೇಳಲೇಬೇಕೆಂದೇನೂ ಇಲ್ಲದ ಮಾತನ್ನು ಅವನು ಕಸಿದುಕೊಂಡು ತಾನೇ ಹೇಳಿಕೊಂಡ.

ನನ್ನ ಗೆಳೆಯನಿಗೆ ಆಗಸ್ಟೀನ್ ಇಷ್ಟ. ಕೇಡಿಗೆ ತನ್ನದೇ ಆದ ಸತ್ವವಿಲ್ಲ, ಕಣ್ಣಿಗೆ ಕುರುಡು ಹೇಗೋ ಒಳಿತಿಗೆ ಕೇಡು ಹಾಗೆ, ಒಂದು ಇಲ್ಲದಿರುವಿಕೆ ಎಂಬ ವಾದ. ಸುಂದರ ವಾದವೇ. ಸೂಳ್ವಾಡಿಯ ಹೆಸರು ಎತ್ತಿದರೆ ಮಾತ್ರ ಅದು ನನ್ನ ಬಾಯಲ್ಲಿ ನಿಲ್ಲುವುದಿಲ್ಲ. 2018ರ ಡಿಸೆಂಬರ್ 14, ಹನೂರು ತಾಲ್ಲೂಕಿನ ಸೂಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿ. ಗೋಪುರದ ಗುದ್ದಲಿಪೂಜೆಗೆ ಬಂದವರು ಉಂಡ ಪ್ರಸಾದದಲ್ಲಿ ವಿಷವಿತ್ತು. 17 ಜನ ಸತ್ತರು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಅಸ್ವಸ್ಥರನ್ನು ಮೊದಲು ಸಾಗಿಸಿದ ಕಡೆಗಳಲ್ಲಿ ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆಯೂ ಒಂದು, ಕ್ರೈಸ್ತ ಸನ್ಯಾಸಿನಿಯರು ನಡೆಸುವುದು. ಪ್ರಸಾದದಲ್ಲಿದ್ದದ್ದು ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಎಂದು ಪರೀಕ್ಷೆಯಲ್ಲಿ ಗೊತ್ತಾಯಿತು. ಗುಡಿಯ ಆಡಳಿತದ ಹಿಡಿತಕ್ಕಾಗಿ ನಡೆದ ಸಂಚು ಎಂದು ಪೊಲೀಸರು ನಾಲ್ವರ ಮೇಲೆ ಆರೋಪ ಹೊರಿಸಿದರು. ಮಾಟದ ಊರೆಂದು ನಾವು ನಗುವ ಸೀಮೆಯಲ್ಲಿ ಆದ ಅಷ್ಟು ದೊಡ್ಡ ಸಾವಿಗೆ ಕಾರಣವಾದದ್ದು ಹೊಲಕ್ಕೆ ಹೊಡೆಯುವ ಔಷಧಿ.

ಆ ಊರುಗಳ ಕ್ರೈಸ್ತರ ಜೊತೆ ಸೂಳ್ವಾಡಿಯ ಬಗ್ಗೆ ಮಾತಾಡಿದಾಗ ಇಬ್ಬರು ಮೂವರು 'ಅದು ಸೈತಾನನ ಕೆಲ್ಸ' ಎಂದರು. ಆಮೇಲೆ ಅವರೇ 'ಅವ್ರಿಗೆ ಶಿಕ್ಷೆ ಆಗ್ಬೇಕು' ಎಂದೂ ಸೇರಿಸಿದರು. ಎರಡನ್ನೂ ಒಂದೇ ಉಸಿರಿನಲ್ಲಿ, ಲೂಕನ ಹಾಗೆ. ಮೊದಲನೆಯ ಮಾತು ಎರಡನೆಯದನ್ನು ತೆಳುವಾಗಿಸಲಿಲ್ಲ. ನನಗನ್ನಿಸಿದ್ದು, ಸೈತಾನ ಎಂಬ ಪದ ಅಲ್ಲಿ ಕಾರಣವನ್ನು ಹೇಳಲು ಬಳಕೆಯಾಗುತ್ತಿರಲಿಲ್ಲ. ಕಾರಣ ಅವರಿಗೆ ಗೊತ್ತಿತ್ತು. ಅಧಿಕಾರದ ಜಗಳ ಎಂಬ ವಿವರಣೆ ಆ 17 ಜನರ ಸಾವಿನ ಪಕ್ಕದಲ್ಲಿ ತೀರಾ ಸಣ್ಣದಾಗಿ ಕಾಣುತ್ತಿತ್ತು, ಆ ಸಣ್ಣತನವನ್ನು ಸಹಿಸಲಾಗದೆ ಅವರು ದೊಡ್ಡ ಪದವೊಂದನ್ನು ಹುಡುಕಿದ್ದರು. ಆಗಸ್ಟೀನನ ಇಲ್ಲದಿರುವಿಕೆಗೆ ಆ ಭಾರ ಹೊರಲಾಗುವುದಿಲ್ಲ.

ಮಾಟದ ವಿರುದ್ಧ ಕಾನೂನೂ ಬಂದಿದೆ. ವಿಧಾನಮಂಡಲ 2017ರಲ್ಲಿ ಒಪ್ಪಿದ, 2020ರ ಜನವರಿಯಲ್ಲಿ ಜಾರಿಗೆ ಬಂದ ವಾಮಾಚಾರ ನಿಷೇಧ ಕಾಯ್ದೆ ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದನ್ನು ಅಪರಾಧವೆನ್ನುತ್ತದೆ. ಬೇಕಾಗಿದ್ದ ಕಾನೂನು. ಆದರೆ ಆ ವಾರಗಿತ್ತಿಯ ಮನೆಯ ಮಜ್ಜಿಗೆಯನ್ನು ಯಾರೂ ಕುಡಿಯದಿದ್ದರೆ ಅದಕ್ಕೆ ಯಾವ ಸೆಕ್ಷನ್ ಹಾಕುತ್ತೀರಿ?

ಹೋದ ವರ್ಷ ಪಾಸ್ಖ ಹಬ್ಬದ ಹಿಂದಿನ ರಾತ್ರಿಯ ಜಾಗರಣೆಗೆ ಅಕ್ಕನ ಜೊತೆ ಹೋಗಿದ್ದೆ. ಕತ್ತಲಲ್ಲಿ ಎಲ್ಲರ ಕೈಯಲ್ಲೂ ಮೇಣದ ಬತ್ತಿ. ಜ್ಞಾನಸ್ನಾನದ ವಾಗ್ದಾನಗಳನ್ನು ಮತ್ತೆ ಹೇಳಿಸುವ ಘಟ್ಟದಲ್ಲಿ ಪಾದ್ರಿ ಸೈತಾನನನ್ನು, ಅವನ ಕೆಲಸಗಳನ್ನು, ಅವನ ಪೊಳ್ಳು ವೈಭವವನ್ನು ತೊರೆಯುತ್ತೀರಾ ಎಂದು ಒಂದೊಂದಾಗಿ ಕೇಳಿದರು. ಜನ ಪ್ರತಿ ಸಲವೂ ತೊರೆಯುತ್ತೇನೆ ಎಂದರು. ಇಡೀ ಗುಡಿಗೆ ಗುಡಿಯೇ ಒಟ್ಟಾಗಿ ಹೇಳುವ ಮಾತು, ಆದರೂ ಕ್ರಿಯಾಪದ ಏಕವಚನದಲ್ಲಿತ್ತು. ಅಕ್ಕನ ಗಂಡ ಗಂಡಸರ ಸಾಲಿನಲ್ಲಿ ಮುಂದೆ ನಿಂತಿದ್ದ. ಈಚೆಗೆ ಎರಡೂ ಕಡೆಗೆ ಹೋಗುತ್ತಾನಂತೆ, ಕೂಟಕ್ಕೂ ದೇವಾಲಯಕ್ಕೂ.

ಅಕ್ಕ ಯಳಂದೂರಿನ ಹತ್ತಿರ ತವರಿನಲ್ಲೇ ಇದ್ದಾರೆ. ಅಲ್ಲಿಂದಲೇ ಬೆಳಗಿನ ಬಸ್ಸಿಗೆ ಕೊಳ್ಳೇಗಾಲದ ಕೆಲಸಕ್ಕೆ ಬರುತ್ತಾರೆ. ಮುಂಗೈ ಕೂಡಿದೆ, ಆದರೆ ಬಿಸಿನೀರಿನ ತೊಟ್ಟಿಯಲ್ಲಿ ಗೂಡು ತಿರುವುವಾಗ ಸಂಜೆಯ ಹೊತ್ತಿಗೆ ನೋವು ಬರುತ್ತದಂತೆ. ಕರೆದುಕೊಂಡು ಹೋಗುತ್ತೇನೆ ಎಂದು ಅವನು ಉಪದೇಶಿಯ ಕೈಯಲ್ಲಿ ಎರಡು ಸಲ ಹೇಳಿ ಕಳಿಸಿದ್ದಾನೆ. ನಾನೇ ಹೊಡೆದೆ ಎಂದು ಅವನ ಬಾಯಿಂದ ಬರಲಿ, ಆಮೇಲೆ ನೋಡೋಣ ಎಂದು ಎರಡು ಸಲವೂ ಇವರು ಹೇಳಿ ಕಳಿಸಿದ್ದಾರೆ. ಉಪದೇಶಿಗೆ ಬೇಸರವೇನಿಲ್ಲ. ಮೂರನೆಯ ಸಲವೂ ಬರುತ್ತೇನೆ ಎಂದಿದ್ದಾರೆ.